ಚಳಿಯನ್ನು ಬೇಡುವ ಹೂವು

ನನ್ನ ಬಾಲ್ಯದಲ್ಲಿ ಪಂಚಾಶತ್ತಮ ಹಬ್ಬದ ಆಸುಪಾಸಿಗೆ ಹೊನ್ನಾಳಿಯ ನಮ್ಮ ಮನೆಗೆ ಜರ್ಮನಿಯಿಂದ ಒಂದು ಶುಭಾಶಯ ಪತ್ರ ತಪ್ಪದೆ ಬರುತ್ತಿತ್ತು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಚಿಕ್ಕಮ್ಮ ಕಳುಹಿಸುತ್ತಿದ್ದುದು. ಪತ್ರದ ಮೇಲೆ ಅಂಗೈ ತುಂಬುವಷ್ಟು ದೊಡ್ಡ, ಕಡುಗೆಂಪು ಬಣ್ಣದ, ಎಸಳಿನ ಮೇಲೆ ಎಸಳು ಒತ್ತಿಕೊಂಡ ಹೂವೊಂದರ ಚಿತ್ರ. ಗುಲಾಬಿಯೆಂದೇ ನಾವು ತಿಳಿದಿದ್ದೆವು. ಅದು ಗುಲಾಬಿಯಲ್ಲ, ಪಿಯೋನಿ ಎಂದೂ, ಈ ಹಬ್ಬದ ಹೊತ್ತಿಗೇ ಅರಳುವುದರಿಂದ ಜರ್ಮನರು ಅದನ್ನು 'ಫಿಂಗ್ಸ್ಟ್‌ರೋಸೆ', ಅಂದರೆ ಪಂಚಾಶತ್ತಮದ ಗುಲಾಬಿ ಎಂದು ಕರೆಯುತ್ತಾರೆಂದೂ ಚಿಕ್ಕಮ್ಮ ಬರೆದಿದ್ದರು. ನಮ್ಮ ಹಿತ್ತಲಲ್ಲಿ ಇದು ಬರುವುದೇ ಎಂದು ಅಮ್ಮ ಕೇಳಿದ್ದಕ್ಕೆ ಬಂದ ಉತ್ತರ ಒಂದೇ ಸಾಲಿನದು: "ಅಕ್ಕಾ, ಇದಕ್ಕೆ ಮಂಜು ಬೇಕು."

ಆ ಒಂದು ಸಾಲಿನ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಪಿಯೋನಿ ಎಂಬ ಹೆಸರು ಗ್ರೀಕರ ದೇವವೈದ್ಯ ಪೇಯಾನನಿಂದ ಬಂದದ್ದು. ಹೂವಿಗಿಂತ ಮೊದಲು ಜಗತ್ತು ಮೆಚ್ಚಿದ್ದು ಇದರ ಬೇರನ್ನು. ಮೂರ್ಛೆರೋಗವಿದ್ದ ಹುಡುಗನ ಕೊರಳಿಗೆ ಈ ಬೇರನ್ನು ಕಟ್ಟಿದಾಗ ರೋಗ ಮರುಕಳಿಸಲಿಲ್ಲವೆಂದು ಪ್ರಾಚೀನ ವೈದ್ಯ ಗೇಲನ್ ಬರೆದಿದ್ದಾನೆ. (ಇಂದು ಯಾರೂ ಹಾಗೆ ಮಾಡಬಾರದು, ಮೂರ್ಛೆರೋಗಕ್ಕೆ ಈಗ ಒಳ್ಳೆಯ ಮಾತ್ರೆಗಳಿವೆ.) ಅರಬ್ ವೈದ್ಯರು ಈ ಬೇರನ್ನು 'ಊದ್ ಸಲೀಬ್' ಎಂದು ಕರೆದರು. ಅಡ್ಡಲಾಗಿ ಕತ್ತರಿಸಿದರೆ ಶಿಲುಬೆಯ ಆಕಾರ ಕಾಣುವುದರಿಂದ ಈ ಹೆಸರು: ಶಿಲುಬೆಯ ಕಟ್ಟಿಗೆ. ಅವರ 'ಸಲೀಬ್' ಮತ್ತು ನಮ್ಮ 'ಶಿಲುಬೆ' ದೂರದ ಬಂಧುಗಳು. ನಮ್ಮ ಶಬ್ದ ಸಿರಿಯಾಕ್ ಭಾಷೆಯ 'ಸ್ಲೀಬಾ'ದಿಂದ ಇಳಿದು ಬಂದದ್ದು. ಯುನಾನಿ ಔಷಧದ ಅಂಗಡಿಗಳಲ್ಲಿ ಇಂದಿಗೂ ಈ ಹೆಸರಿನಲ್ಲಿಯೇ ಬೇರು ಮಾರಾಟವಾಗುತ್ತದೆ. ಅದು ಹೊರದೇಶದ್ದೇ ಆಗಬೇಕಾಗಿಲ್ಲ. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಎತ್ತರದ ಕಾಡುಗಳಲ್ಲಿ ಬಿಳಿಯ ಹೂವಿನ ಪಿಯೋನಿಯೊಂದು ತಾನಾಗಿ ಬೆಳೆಯುತ್ತದೆ. ಬೆಟ್ಟದ ಜನ ಅದರ ಎಳೆಯ ಸೊಪ್ಪನ್ನು ಪಲ್ಯ ಮಾಡಿ ಉಣ್ಣುತ್ತಾರೆ.

ಯೂರೋಪಿನ ಕ್ರೈಸ್ತ ಕಲಾವಿದರು ಪಿಯೋನಿಯನ್ನು ಮುಳ್ಳಿಲ್ಲದ ಗುಲಾಬಿಯಾಗಿ ಕಂಡು ಕನ್ಯಾಮಾತೆಯ ಪಕ್ಕದಲ್ಲಿ ಇರಿಸಿದರು. 1473ರಲ್ಲಿ ಮಾರ್ಟಿನ್ ಶೊಂಗೌವರ್ ಕೊಲ್ಮಾರ್ ನಗರದ ದೇವಾಲಯಕ್ಕಾಗಿ ಬಿಡಿಸಿದ ಮಾತೆಯ ಚಿತ್ರದಲ್ಲಿ ಗುಲಾಬಿಗಳ ನಡುವೆ ಪಿಯೋನಿಯೂ ಇದೆ. ಅದಕ್ಕಾಗಿ ಅವನು ನಿಜವಾದ ಹೂವನ್ನು ಮುಂದಿಟ್ಟುಕೊಂಡು ಮಾಡಿದ ಅಭ್ಯಾಸಚಿತ್ರವೂ ಉಳಿದುಕೊಂಡಿದೆ.

ಚೀನಾದಲ್ಲಂತೂ ಇದು ಹೂಗಳ ರಾಜ. 1034ರಲ್ಲಿಯೇ ಔಯಾಂಗ್ ಷಿಯು ಎಂಬ ವಿದ್ವಾಂಸ ಲುವೊಯಾಂಗ್ ನಗರದ ಪಿಯೋನಿಗಳ ಕುರಿತು ಗ್ರಂಥ ರಚಿಸಿದ. ನಮ್ಮ ಅಮ್ಮನ ಪ್ರಶ್ನೆಗೆ ಉತ್ತರವೂ ಚೀನಾದಲ್ಲಿಯೇ ಇತ್ತು. ದಕ್ಷಿಣದ ಕ್ಯಾಂಟನ್ ನಗರ ನಮ್ಮಂತೆಯೇ ಬೆಚ್ಚನೆಯ ಊರು. ಅಲ್ಲಿನ ಶ್ರೀಮಂತರಿಗೂ ಈ ಹೂವಿನ ಆಸೆ. ಉತ್ತರದ ತೋಟಗಾರರು ಚಳಿಗಾಲದಲ್ಲಿ ಗಿಡಗಳನ್ನು ಬೇರುಸಹಿತ ಅಗೆದು ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಅವು ಅಲ್ಲಿ ಒಂದು ಬಾರಿ ಅರಳುತ್ತಿದ್ದವು. ಆಮೇಲೆ ಅವುಗಳನ್ನು ಎಸೆಯಲಾಗುತ್ತಿತ್ತು. ಮರುವರ್ಷ ಮತ್ತೆ ಹೊಸ ಗಿಡ. 19ನೆಯ ಶತಮಾನದಲ್ಲಿ ಚೀನಾ ಸುತ್ತಿದ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್ ಈ ವ್ಯಾಪಾರವನ್ನು ವರ್ಣಿಸಿದ್ದಾನೆ. ಉತ್ತರದ ಚಳಿಯನ್ನು ಗಿಡ ತನ್ನೊಳಗೇ ಹೊತ್ತು ತರುತ್ತಿತ್ತು. ಆ ಗಂಟು ಕರಗಿದ ಮೇಲೆ ಅದಕ್ಕೆ ಅರಳಲಾಗುತ್ತಿರಲಿಲ್ಲ.

ಇದರ ಮರ್ಮ ಇಷ್ಟೇ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲಿಯೇ ನೆಲದೊಳಗೆ, ಬೇರಿನ ನೆತ್ತಿಯಲ್ಲಿ ರೂಪುಗೊಂಡು ನಿದ್ರೆಗೆ ಜಾರುತ್ತದೆ. 5 ಡಿಗ್ರಿಯ ಸಮೀಪದ ಶೀತ ಸುಮಾರು ಎರಡು ತಿಂಗಳು ತಗುಲದೆ ಆ ನಿದ್ರೆ ಹರಿಯುವುದಿಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಾಗಲಿ, ಹೊನ್ನಾಳಿ, ನ್ಯಾಮತಿಗಳ ಭತ್ತದ ಬಯಲಿನಲ್ಲಾಗಲಿ, ಮಳೆಗೆ ಮುಗಿಲು ನೋಡುವ ಜಗಳೂರಿನಲ್ಲಾಗಲಿ ಅಂತಹ ಚಳಿ ಒಂದು ವಾರವೂ ನಿಲ್ಲದು. ಚನ್ನಗಿರಿಗೆ ಹತ್ತಿರದ ಕೆಮ್ಮಣ್ಣುಗುಂಡಿಯೂ ಅದನ್ನು ಕೊಡಲಾರದು.

ಹಾಗೆಂದು ನಮ್ಮ ನೆಲ ಪರದೇಶದ ಹೂವನ್ನು ಒಲ್ಲೆನೆಂದದ್ದಲ್ಲ. ನಮ್ಮ ದೇವಾಲಯಗಳ ಬಲಿಪೀಠವನ್ನು ಸಿಂಗರಿಸುವ ಸುಗಂಧರಾಜ ಮೆಕ್ಸಿಕೋ ದೇಶದ್ದು. ಚೆಂಡುಹೂವಿನ ತವರೂ ಅದೇ. ಸೇವಂತಿಗೆ ಪಿಯೋನಿಯಂತೆಯೇ ಚೀನಾದ್ದು, ಆದರೆ ಅದು ಕೇಳುವುದು ಮಂಜನ್ನಲ್ಲ, ದೀರ್ಘವಾದ ಇರುಳನ್ನು. ಅದು ನಮ್ಮಲ್ಲಿಯೂ ಸಿಗುತ್ತದೆ. 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗಿಗೆ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ, ಜಾನ್ ಕ್ಯಾಮೆರಾನ್, 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್, ಇವರೆಲ್ಲ ಹೊರದೇಶದ ಗಿಡಗಳನ್ನು ಈ ನಾಡಿಗೆ ಒಗ್ಗಿಸಲು ಶ್ರಮಿಸಿದವರು. ನಾವು ಪಲ್ಯ ಮಾಡುವ ಸೀಮೆಬದನೆ, ಬೆಂಗಳೂರಿನ ಬೀದಿಗಳ ಜಕರಾಂಡ ನೆಲೆಯೂರಿದ್ದು ಹಾಗೆಯೇ. ಅವು ಅಮೆರಿಕದ ಬೆಚ್ಚನೆಯ ಸೀಮೆಗಳವು. ಪಿಯೋನಿಯ ಪ್ರಶ್ನೆಯೇ ಬೇರೆ.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದವರು ಒಬ್ಬ ಗುರುಗಳು. 1834ರಲ್ಲಿ ಫ್ರಾನ್ಸಿನ ಆಲ್ಪ್ಸ್ ಪ್ರದೇಶದಲ್ಲಿ ಜನಿಸಿದ ಜಾನ್ ಮರಿ ದೆಲವೆ ಪ್ಯಾರಿಸ್ ವಿದೇಶಿ ಮಿಷನ್ ಸಂಘದವರು. 1850ರಲ್ಲಿ ಮೈಸೂರು ಪ್ರತ್ಯೇಕ ಮಿಷನ್ ಪ್ರಾಂತ್ಯವಾದಾಗ ಅದನ್ನು ನಡೆಸಿದ್ದು ಇದೇ ಸಂಘ. ನಮ್ಮ ಹಿರಿಯರಿಗೆ ಜ್ಞಾನಸ್ನಾನವಿತ್ತ ಹಳೆಯ ಫ್ರೆಂಚ್ ಸ್ವಾಮಿಗಳ ಸಹೋದರರು ಅವರು. ದೆಲವೆಯವರನ್ನು ಸಂಘ ಚೀನಾಕ್ಕೆ ಕಳುಹಿಸಿತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಭೇಟಿಯಾದ ಪ್ರಕೃತಿವಿಜ್ಞಾನಿ ಗುರು ಅರ್ಮಾಂದ್ ದಾವಿದ್ ಅವರ ಒತ್ತಾಯದಿಂದ ಅವರು ಯುನ್ನಾನ್ ಪ್ರಾಂತದ ಬೆಟ್ಟಗಳಲ್ಲಿ ಗಿಡಗಳನ್ನು ಸಂಗ್ರಹಿಸತೊಡಗಿದರು. ಜೊತೆಗೆ ದೊಡ್ಡ ಪಡೆಯಿಲ್ಲ, ಹಣವಿಲ್ಲ, ಕಾಲ್ನಡಿಗೆಯ ಸಂಗ್ರಹ. ಪ್ಯಾರಿಸ್ಸಿನ ಸಂಗ್ರಹಾಲಯಕ್ಕೆ ಅವರು ಕಳುಹಿಸಿದ ಒಣಗಿಸಿದ ಮಾದರಿಗಳು ಎರಡು ಲಕ್ಷಕ್ಕೂ ಮಿಗಿಲು. ನಡುವೆ ಪ್ಲೇಗ್ ತಗುಲಿತು. ಬದುಕಿದರು, ಆದರೆ ಒಂದು ಕೈ ಸ್ವಾಧೀನ ತಪ್ಪಿತು. ಆ ನಂತರವೂ ಬೆಟ್ಟ ಹತ್ತಿದರು. 1895ರಲ್ಲಿ ಯುನ್ನಾನಿನಲ್ಲಿಯೇ ತೀರಿಕೊಂಡರು. ಅವರ ಮಾದರಿಗಳನ್ನು ಅಧ್ಯಯನ ಮಾಡುತ್ತಿದ್ದ ಫ್ರಾಂಶೆ ಎಂಬ ವಿಜ್ಞಾನಿ 1900ರಲ್ಲಿ ಮಡಿದಾಗ ಎಷ್ಟೋ ಪೆಟ್ಟಿಗೆಗಳು ತೆರೆಯದೆಯೇ ಉಳಿದಿದ್ದವು.

ಅವರ ಹೆಸರನ್ನೇ ಹೊತ್ತ ಒಂದು ಪಿಯೋನಿಯಿದೆ. ಅವರು ಕಂಡ ಹಳದಿ ಹೂವಿನ ಪಿಯೋನಿಯಿಂದ ಫ್ರಾನ್ಸಿನ ತೋಟಗಾರರು ಹೊಸ ತಳಿಗಳನ್ನು ಪಡೆದರು. ಜಪಾನಿನ ತೋಯಿಚಿ ಇತೋ 1948ರಲ್ಲಿ ಅಂತಹ ಒಂದು ಹಳದಿ ಮರಪಿಯೋನಿಯ ಪರಾಗವನ್ನು ಮೂಲಿಕೆ ಜಾತಿಯ ಪಿಯೋನಿಗೆ ಸೇರಿಸಿ, ಅಸಾಧ್ಯವೆನಿಸಿದ್ದ ಸಂಕರವನ್ನು ಸಾಧಿಸಿದರು. ಆ ಗಿಡಗಳು ಹೂ ಬಿಡುವ ಮೊದಲೇ, 1956ರಲ್ಲಿ ಅವರೂ ಕಣ್ಮುಚ್ಚಿದರು. ಇಂದು ಆ ತಳಿಗಳಿಗೆ ಅವರದೇ ಹೆಸರು. ಅವು ಸೆಕೆಯನ್ನು ಒಂದಿಷ್ಟು ಹೆಚ್ಚು ಸಹಿಸುತ್ತವೆ ಎಂಬುದು ಬೆಳೆಗಾರರ ಮಾತು. ಇಸ್ರೇಲಿನಂತಹ ಬಿಸಿಲಿನ ದೇಶದಲ್ಲಿಯೂ ಪಿಯೋನಿಯನ್ನು ಮಾರುಕಟ್ಟೆಗೆ ಬೆಳೆಯುತ್ತಾರೆ. ಅಲ್ಲಿ ಎತ್ತರದ ಜಾಗ ಆರಿಸಿ, ಸಾಲದ ಚಳಿಗೆ ಬದಲಾಗಿ ಬೇರಿಗೆ ಜಿಬ್ಬರೆಲಿಕ್ ಆಮ್ಲದ ದ್ರಾವಣವನ್ನು ಉಣಿಸುತ್ತಾರೆ.

ನಮ್ಮ ಸೀಮೆಯಲ್ಲಿ ಪ್ರಯತ್ನಿಸಲೇಬೇಕೆಂಬ ಹಟವಿದ್ದವರಿಗೆ ಕ್ಯಾಂಟನ್ನಿನ ದಾರಿಯೊಂದೇ. ಕುಂಡದಲ್ಲಿ ನಿದ್ರಿಸುತ್ತಿರುವ ಬೇರನ್ನು ಎಂಟು ಹತ್ತು ವಾರ 4 ಡಿಗ್ರಿಯ ತಂಗಳಪೆಟ್ಟಿಗೆಯಲ್ಲಿಟ್ಟು, ಚಳಿಗಾಲದಲ್ಲಿ ಹೊರತೆಗೆಯಬೇಕು. ಹಣ್ಣುಗಳ ಜೊತೆಯಲ್ಲಿ ಇಡಬಾರದು. ಮಾಗುವ ಹಣ್ಣಿನ ಗಾಳಿ ಮೊಗ್ಗಿಗೆ ಕೇಡು. ಬೇಗ ಅರಳುವ ತಳಿಯನ್ನೇ ಆರಿಸಬೇಕು, ಮೊಳಕೆಯ ಕಣ್ಣುಗಳು ಮಣ್ಣಿನೊಳಗೆ ಎರಡು ಬೆರಳಿಗಿಂತ ಆಳಕ್ಕೆ ಹೋಗಬಾರದು, ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು, ನೀರು ನಿಲ್ಲಬಾರದು. ಇಷ್ಟಾದರೂ ಮರುವರ್ಷ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹೊರದೇಶದಲ್ಲಿರುವ ಮಕ್ಕಳಿಗೆ ಬೇರನ್ನು ಪೆಟ್ಟಿಗೆಯಲ್ಲಿಟ್ಟು ತರಲು ಹೇಳದಿರಿ. 2003ರ ಸಸ್ಯ ಸಂಗರೋಧ ಆದೇಶದಂತೆ ಅದಕ್ಕೆ ಮುಂಚಿತವಾಗಿ ಪರವಾನಗಿ ಪಡೆಯಬೇಕು.

ಅಮ್ಮ ಆ ಹಟಕ್ಕೆ ಹೋಗಲಿಲ್ಲ. ಹಿತ್ತಲಲ್ಲಿ ಸುಗಂಧರಾಜದ ಗೆಡ್ಡೆಗಳನ್ನೇ ಊರಿದರು. ಚಿಕ್ಕಮ್ಮ ರಜೆಗೆ ಬಂದಾಗ ಅವುಗಳಲ್ಲಿ ಕೆಲವನ್ನು ಜರ್ಮನಿಗೆ ಒಯ್ಯಲು ಕೇಳಿದ್ದರು. ಆಗ ನಗುವ ಸರದಿ ಅಮ್ಮನದಾಗಿತ್ತು: "ಅಲ್ಲಿನ ಮಂಜಿಗೆ ಇದು ಉಳಿಯುತ್ತದೆಯೇನೇ?"