ಕ್ಯಾಮೆರಾ ಮರೆತ ಕಿವಿ

2008ರ ಆಗಸ್ಟ್‌ನಲ್ಲಿ ನಿಕಾನ್ ಡಿ90 ಬಂತು. ವಿಡಿಯೊ ತೆಗೆಯೋ ಮೊದಲ ಡಿಎಸ್‌ಎಲ್‌ಆರ್ ಅದು. ಮರುತಿಂಗಳೇ ಕ್ಯಾನನ್ 5ಡಿ ಮಾರ್ಕ್ 2 ಪ್ರಕಟವಾಯ್ತು: ಫುಲ್ ಫ್ರೇಮ್ ಸೆನ್ಸರ್, 1080ಪಿ ವಿಡಿಯೊ. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣೋ ಸಿನಿಮಾ ಚಿತ್ರ ಮದುವೆ ಫೋಟೋಗ್ರಾಫರ್ ಕೈಗೂ ಸಿಕ್ತು. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಆರನೇ ಸೀಸನ್ನಿನ ಕೊನೇ ಎಪಿಸೋಡನ್ನು ಪೂರ್ತಿ ಇದರಲ್ಲೇ ತೆಗೆದರು.

ಆದ್ರೆ ಮೂಲತಃ ಇದು ಸ್ಟಿಲ್ ಕ್ಯಾಮೆರಾ ತಾನೆ? ಭುಜದ ಮೇಲೆ ಕೂರಲ್ಲ. ಕೈ ನಡುಗಿದ್ರೆ ಚಿತ್ರವೂ ನಡುಗುತ್ತೆ. ಕ್ಯಾನನ್‌ನಲ್ಲಿ ಮೈಕ್ ಸಿಕ್ಕಿಸೋಕೆ ಜಾಕ್ ಇತ್ತು, ಹೆಡ್‌ಫೋನಿಗೆ ಇರಲಿಲ್ಲ. ಮಾತು ನಿಂತರೆ ಸಾಕು, ತಾನಾಗೇ ಗೇನ್ ಏರಿಸಿ ಸುಯ್ ಅನ್ನೋ ಸದ್ದು ತುಂಬುತ್ತಿತ್ತು. 2009ರಲ್ಲಿ ಟ್ರಾಮೆಲ್ ಹಡ್ಸನ್ ಅನ್ನೋ ಪ್ರೋಗ್ರಾಮರ್ ‘ಮ್ಯಾಜಿಕ್ ಲ್ಯಾಂಟರ್ನ್’ ಬರೆದು, ಆಡಿಯೊ ಮೀಟರನ್ನು ಪರದೆ ಮೇಲೆ ತಂದ. ದನಿಯ ಮಟ್ಟ ನಾವೇ ಹೊಂದಿಸೋ ಅವಕಾಶವನ್ನು ಕಂಪನಿ ಕೊಟ್ಟಿದ್ದು 2010ರ ಫರ್ಮ್‌ವೇರ್‌ನಲ್ಲಿ.

ಉಳಿದದ್ದನ್ನು ಜನ ತಾವೇ ಜೋಡಿಸಿಕೊಂಡ್ರು. ಪಿವಿಸಿ ಪೈಪಿನ ರಿಗ್ ಮಾಡಿದ್ರು. ದನಿಗೆ ಝೂಮ್ ಎಚ್4ಎನ್ ಥರದ ಪುಟ್ಟ ರೆಕಾರ್ಡರ್ ಬೇರೆ ಇಟ್ಟರು. ಶಾಟ್ ಶುರುವಿಗೆ ಒಂದು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಆ ಸದ್ದು ಹಿಡಿದು ಎರಡನ್ನೂ ಹೊಂದಿಸಿದರಾಯ್ತು. ಟಾಕಿ ಕಾಲದ ಕ್ಲ್ಯಾಪ್ ಬೋರ್ಡ್ ಮಾಡ್ತಿದ್ದದ್ದೂ ಇದೇ ಕೆಲಸ.

ಹಾಗಾಗಿ ಯಾವ ಕ್ಯಾಮೆರಾ ಕೊಳ್ಳಲಿ ಅಂತ ಕೇಳೋರಿಗೆ ನನ್ನದೊಂದೇ ಉತ್ತರ: ಇರೋದು ಸಾಕು, ಮೊದಲ ದುಡ್ಡು ಮೈಕಿಗೆ ಹಾಕಿ. ಊರಲ್ಲಿ ಅಜ್ಜಿ ಹೇಳೋ ಕತೆ ತೆಗೀತೀರಿ ಅಂದ್ಕೊಳ್ಳಿ. ಚಿತ್ರ ಕೊಂಚ ಅಲುಗಾಡಿದ್ರೂ ನೋಡಬಹುದು. ಅಜ್ಜಿ ಮಾತೇ ಕೇಳಿಸದಿದ್ರೆ ಉಳಿಯೋದೇನು?