ಗಣರಾಜ್ಯೋತ್ಸವ

ಭಾರತದ ರಾಷ್ಟ್ರೀಯ ಹಬ್ಬ. ಆಚರಣೆ ಪ್ರತಿವರ್ಷ ಜನವರಿ 26. ಸಂವಿಧಾನ ಸಿದ್ಧವಾದದ್ದು ಈ ದಿನವೇ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಸಂವಿಧಾನ ಸಭೆ ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವದಂಥ ಕೆಲವು ವಿಧಿಗಳು ಅಂದೇ ಜಾರಿಗೂ ಬಂದವು. ಸದಸ್ಯರು ಸಹಿ ಹಾಕಿದ್ದು 1950ರ ಜನವರಿ 24ರಂದು. ಉಳಿದ ಭಾಗದ ಜಾರಿಗೆ ಜನವರಿ 26ರವರೆಗೆ ಎರಡು ತಿಂಗಳು ಕಾದದ್ದರ ಹಿಂದೆ ಹೋರಾಟದ ನೆನಪಿತ್ತು. 1929ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಅಧ್ಯಕ್ಷತೆಯ ಲಾಹೋರ್ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿಯೆಂದು ಸಾರಿತು. ವರ್ಷದ ಕೊನೆಯ ನಡುರಾತ್ರಿ ರಾವಿ ನದಿಯ ದಡದಲ್ಲಿ ತ್ರಿವರ್ಣ ಧ್ವಜ ಏರಿತು. ಮರುತಿಂಗಳ ಕೊನೆಯ ಭಾನುವಾರ, 1930ರ ಜನವರಿ 26ರಂದು, ಊರೂರುಗಳಲ್ಲಿ ಜನ ಸ್ವಾತಂತ್ರ್ಯದ ಪ್ರತಿಜ್ಞೆ ಮಾಡಿದರು. ಸ್ವಾತಂತ್ರ್ಯ ಬಂದದ್ದು ಬೇರೆ ದಿನವಾದ್ದರಿಂದ ಆ ತಾರೀಖು ಮರೆಯಾಗಬಾರದೆಂದು ಗಣರಾಜ್ಯಕ್ಕೆ ಅದನ್ನೇ ಆರಿಸಿದ್ದು ಸಾರ್ಥಕ ನಿರ್ಧಾರ. 1947ರಿಂದ ಗಣರಾಜ್ಯವಾಗುವವರೆಗೆ ಭಾರತ ಬ್ರಿಟಿಷ್ ದೊರೆಯನ್ನೇ ರಾಷ್ಟ್ರದ ಮುಖ್ಯಸ್ಥನೆಂದು ಒಪ್ಪಿದ್ದ ಡೊಮಿನಿಯನ್ ಆಗಿತ್ತೆಂಬುದು ಹಲವರಿಗೆ ತಿಳಿಯದು. ಮೊದಲ ಪಥಸಂಚಲನವೂ ರಾಜಪಥದಲ್ಲಿ ನಡೆಯಲಿಲ್ಲ, ದೆಹಲಿಯ ಇರ್ವಿನ್ ಕ್ರೀಡಾಂಗಣದಲ್ಲಿ ನಡೆಯಿತು. ಇಂಡೋನೇಷ್ಯಾದ ಅಧ್ಯಕ್ಷ ಸುಕರ್ಣೋ ಅತಿಥಿಯಾಗಿದ್ದರು. ಅದೇ ದಿನ ಮೈಸೂರು ಭಾರತ ಗಣರಾಜ್ಯದ ‘ಬಿ’ ವರ್ಗದ ರಾಜ್ಯವಾಯಿತು. ಮಹಾರಾಜ ಜಯಚಾಮರಾಜ ಒಡೆಯರ್ ಅದರ ರಾಜಪ್ರಮುಖ, ಅಂದರೆ ಸಾಂವಿಧಾನಿಕ ಮುಖ್ಯಸ್ಥರಾದರು.