ಬೇಲಿಯೇ ಎದ್ದು ಹೊಲ ಮೇಯ್ದ ಶುಕ್ರವಾರ

2024ರ ಜುಲೈ 19 ನಮ್ಮ ನಡುವಿನ ಐಟಿ ಮಿತ್ರರಿಗೆ ಚೆನ್ನಾಗಿ ನೆನಪಿರುತ್ತದೆ. ಯುಎಇಯಲ್ಲಿ ಶುಕ್ರವಾರ ಎಂದರೆ ಹಲವು ಕಚೇರಿಗಳಿಗೆ ಅರ್ಧ ದಿನ. ಅಂದು ಬೆಳಿಗ್ಗೆ 8 ಗಂಟೆ 9 ನಿಮಿಷಕ್ಕೆ (ಊರಿನಲ್ಲಿ ಆಗ 9.39) ಅಮೆರಿಕದ ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಪುಟ್ಟ ಫೈಲ್ ಕಳುಹಿಸಿತು. ಪರದೆಗಳು ನೀಲಿಯಾದವು. ಯಂತ್ರ ತಾನಾಗಿಯೇ ಮತ್ತೆ ಶುರುವಾಗುವುದು, ಮತ್ತೆ ನೀಲಿಯಾಗುವುದು. ದುಬೈ ವಿಮಾನ ನಿಲ್ದಾಣದಲ್ಲಿ ಕೆಲವು ಸಂಸ್ಥೆಗಳ ಚೆಕ್-ಇನ್‌ಗೆ ಅಡಚಣೆಯಾಯಿತು. ಭಾರತದಲ್ಲಿ ಪ್ರಯಾಣಿಕರು ಪೆನ್ನಿನಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್ ಹಿಡಿದು ವಿಮಾನ ಹತ್ತಿದರು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಮಲಗಿದ ಯಂತ್ರಗಳು 85 ಲಕ್ಷ. ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ.

ಮೊದಲ ಕೆಲವು ಗಂಟೆ ಎಲ್ಲರ ಬಾಯಲ್ಲೂ ಒಂದೊಂದು ಮಾತು. ಸೈಬರ್ ದಾಳಿ ಎಂದರು ಕೆಲವರು. ನೀಲಿ ಪರದೆ ಮೈಕ್ರೋಸಾಫ್ಟಿನದಲ್ಲವೇ, ತಪ್ಪೂ ಅವರದೇ ಎಂದರು ಹಲವರು. ಹಿಂದಿನ ರಾತ್ರಿಯೇ ಮೈಕ್ರೋಸಾಫ್ಟಿನ ಅಜೂರ್ ಸೇವೆಯ ಅಮೆರಿಕದ ಒಂದು ಭಾಗ ಬೇರೆ ಕಾರಣಕ್ಕೆ ಕೈಕೊಟ್ಟಿದ್ದರಿಂದ ಎರಡು ಕಾಯಿಲೆಗಳೂ ಒಂದೇ ಎನಿಸಿಬಿಟ್ಟವು.

ವಿಂಡೋಸ್ ಕುಸಿಯುವಾಗ ಆ ಕ್ಷಣದ ಮೆಮೊರಿಯ ಪ್ರತಿಯೊಂದನ್ನು ಡಿಸ್ಕಿಗೆ ಬರೆದಿಡುತ್ತದೆ. ಅದಕ್ಕೆ ಡಂಪ್ ಎನ್ನುತ್ತಾರೆ. ಸತ್ತ ಯಂತ್ರದ ಪಂಚನಾಮೆ ಎನ್ನಿ. ವಿನ್‌ಡಿಬಿಜಿ ಎಂಬ ಸಾಧನದಲ್ಲಿ ಅದನ್ನು ತೆರೆದರೆ ಕೊನೆಗೆ ಯಾರು ಏನು ಮಾಡುತ್ತಿದ್ದರು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಆ ಶುಕ್ರವಾರದ ಡಂಪುಗಳಲ್ಲಿ ಸಿಕ್ಕ ಹೆಸರು 'ಸಿಎಸ್‌ಏಜೆಂಟ್', ಅಂದರೆ ಕ್ರೌಡ್‌ಸ್ಟ್ರೈಕಿನ ಸ್ವಂತ ಡ್ರೈವರ್. ತನ್ನದಲ್ಲದ ವಿಳಾಸವನ್ನು ಓದಲು ಹೋಗಿ ಅದು ಬಿದ್ದಿತ್ತು. ಕಂಪನಿ ಆಗಸ್ಟ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಹೊಸ ಫೈಲಿನ ನಿಯಮ 21ನೇ ಮಾಹಿತಿಯನ್ನು ಕೇಳುತ್ತಿತ್ತು, ಡ್ರೈವರ್ ಕೈಯಲ್ಲಿದ್ದದ್ದು 20. ಈ ಕೊರತೆ ತಿಂಗಳುಗಳಿಂದ ಇದ್ದದ್ದೇ. ಅದುವರೆಗಿನ ನಿಯಮಗಳಲ್ಲಿ 21ನೆಯದಕ್ಕೆ 'ಏನಿದ್ದರೂ ಸರಿ' ಎಂದಿದ್ದುದರಿಂದ ಯಾರೂ ಅತ್ತ ಕೈ ಚಾಚಿರಲಿಲ್ಲ, ಅಷ್ಟೆ.

ಒಂದು ಕಾವಲು ತಂತ್ರಾಂಶ ತಪ್ಪಿದರೆ ಅದು ಮಾತ್ರ ನಿಲ್ಲಬೇಕಿತ್ತು. ಇಡೀ ಯಂತ್ರ ಏಕೆ ಮಲಗಬೇಕು? ಅದು ಕೂತಿದ್ದ ಜಾಗ ಅಂಥದ್ದು. ಕರ್ನಲ್ ಎಂದರೆ ಕಂಪ್ಯೂಟರಿನ ಗರ್ಭಗುಡಿ. ಅಲ್ಲಿ ಒಬ್ಬ ತಪ್ಪಿದರೂ ಇನ್ನಷ್ಟು ಹಾನಿಯಾಗದಿರಲಿ ಎಂದು ವಿಂಡೋಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಕಳ್ಳ ಅಲ್ಲಿಗೇ ನುಗ್ಗಬಹುದಾದ್ದರಿಂದ ಕಾವಲುಗಾರನಿಗೂ ಅಲ್ಲೇ ಜಾಗ ಬೇಕು ಎಂಬುದು ಭದ್ರತಾ ಕಂಪನಿಗಳ ಹಳೆಯ ವಾದ. 2006ರಲ್ಲಿ 64-ಬಿಟ್ ವಿಸ್ಟಾದ ಕರ್ನಲನ್ನು ಹೊರಗಿನವರು ತಿದ್ದದಂತೆ ಮೈಕ್ರೋಸಾಫ್ಟ್ ಬೀಗ ಹಾಕಿದಾಗ ಸಿಮ್ಯಾಂಟೆಕ್, ಮ್ಯಾಕಫಿ ಬಹಿರಂಗವಾಗಿಯೇ ಪ್ರತಿಭಟಿಸಿದವು. ಬೀಗ ಉಳಿಯಿತು, ಆದರೆ ಡ್ರೈವರ್ ಎಂಬ ಬಾಗಿಲೂ ಉಳಿಯಿತು. ಅವರ ವಾದ ಪೂರ್ತಿ ಸುಳ್ಳೂ ಅಲ್ಲ ಎಂದೇ ನನಗನಿಸುತ್ತದೆ.

ಅದಕ್ಕೆ 2010ರ ಫೆಬ್ರವರಿಯ ಪ್ರಕರಣ ನೋಡಿ. ಮೈಕ್ರೋಸಾಫ್ಟಿನ ಒಂದು ಭದ್ರತಾ ಅಪ್‌ಡೇಟ್ ಹಾಕಿಕೊಂಡ ಎಕ್ಸ್‌ಪಿ ಯಂತ್ರಗಳು ನೀಲಿಯಾಗತೊಡಗಿದವು. ಅಪ್‌ಡೇಟೇ ಕೆಟ್ಟದ್ದೆಂದು ಜನ ಬೈದರು. ಡಂಪ್ ಓದಿದಾಗ ಸಿಕ್ಕಿದವನೇ ಬೇರೆ: ಮೊದಲೇ ಒಳಹೊಕ್ಕಿದ್ದ ಅಲ್ಯೂರಿಯನ್ ಎಂಬ ರೂಟ್‌ಕಿಟ್. ಅದು ಕರ್ನಲಿನೊಳಗಿನ ವಿಳಾಸಗಳನ್ನು ಬಾಯಿಪಾಠ ಮಾಡಿಕೊಂಡಿತ್ತು. ಅಪ್‌ಡೇಟ್ ಬಂದು ವಿಳಾಸಗಳು ಬದಲಾದವು. ಕತ್ತಲಲ್ಲಿ ಹಳೆಯ ಮೆಟ್ಟಿಲಿದೆ ಎಂದು ಕಾಲಿಟ್ಟವನಂತೆ ಅದು ಬಿತ್ತು, ಯಂತ್ರವನ್ನೂ ಕೆಡವಿತು. ಅಲ್ಲಿ ಕಳ್ಳ ಬಿದ್ದ ಸದ್ದಿಗೆ ಬೈಗುಳ ಬೀಗ ರಿಪೇರಿಯವನಿಗೆ ಸಿಕ್ಕಿತು. ಎರಡೇ ತಿಂಗಳಲ್ಲಿ, ಏಪ್ರಿಲ್ 21ರಂದು, ಮ್ಯಾಕಫಿಯ ಅಪ್‌ಡೇಟ್ ಎಕ್ಸ್‌ಪಿಯದೇ ಅತ್ಯಗತ್ಯ ಫೈಲೊಂದನ್ನು ವೈರಸ್ ಎಂದು ಹಿಡಿದು ಯಂತ್ರಗಳನ್ನು ಮಲಗಿಸಿತು. ಆಗ ಮ್ಯಾಕಫಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ ಜಾರ್ಜ್ ಕರ್ಟ್ಜ್. ಮರುವರ್ಷ ಕ್ರೌಡ್‌ಸ್ಟ್ರೈಕ್ ಕಟ್ಟಿದವರಲ್ಲಿ ಒಬ್ಬರೂ ಅವರೇ.

ಮತ್ತೆ 2024ಕ್ಕೆ ಬರೋಣ. ಕಂಪನಿ ತಪ್ಪು ಫೈಲನ್ನು 78 ನಿಮಿಷದಲ್ಲಿ ಹಿಂತೆಗೆಯಿತು. ಅಷ್ಟರಲ್ಲಿ ಮಲಗಿದ್ದ ಯಂತ್ರಗಳಲ್ಲಿ ಬಹುಪಾಲಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಪೂರ್ತಿ ಎಚ್ಚರವಾಗುವ ಮೊದಲೇ ಬೀಳುವ ಯಂತ್ರಕ್ಕೆ ದೂರದಿಂದ ಔಷಧ ಕುಡಿಸುವುದು ಹೇಗೆ? ಒಬ್ಬ ಮನುಷ್ಯ ಯಂತ್ರದ ಎದುರು ಕೂತು, ಸೇಫ್ ಮೋಡಿನಲ್ಲಿ ತೆರೆದು, 'ಸಿ-00000291' ಎಂದು ಶುರುವಾಗುವ ಫೈಲನ್ನು ಅಳಿಸಬೇಕಿತ್ತು. ಕೆಲಸ ಇಷ್ಟೇ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಮೊದಲು 48 ಅಂಕಿಗಳ ಕೀಲಿ ಬೇಕು. ಆ ಕೀಲಿಗಳನ್ನು ಇಟ್ಟ ಸರ್ವರೂ ಮಲಗಿದ್ದರೆ ದೇವರೇ ಗತಿ. ಫೋನಿನಲ್ಲಿ ಅಂಕಿಗಳನ್ನು ಆರಾರಾಗಿ ಓದಿ ಹೇಳುವವರು, ಆಚೆ ಕಡೆ ತಪ್ಪಿಲ್ಲದೆ ಒತ್ತುವವರು, ಇವರ ಹೆಸರು ಯಾವ ವರದಿಯಲ್ಲೂ ಇಲ್ಲ. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಚೇತರಿಸಿಕೊಳ್ಳಲು ದಿನಗಳೇ ಹಿಡಿದವು. ಸುಮಾರು 7,000 ಹಾರಾಟಗಳು ರದ್ದಾದವು.

ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಭದ್ರತಾ ಕಂಪನಿಗಳನ್ನು ಕರೆದು ಕೂರಿಸಿತು. ಕಾವಲುಗಾರನನ್ನು ಗರ್ಭಗುಡಿಯಿಂದ ಹೊರಗೆ, ಅಂಗಳದಲ್ಲಿ ನಿಲ್ಲಿಸುವ ವ್ಯವಸ್ಥೆಯನ್ನು 2025ರಲ್ಲಿ ಆಯ್ದ ಕಂಪನಿಗಳ ಪರೀಕ್ಷೆಗೆ ಕೊಡುವುದಾಗಿ ಹೇಳಿತು. ಅದೇ ವರ್ಷ ನೀಲಿ ಪರದೆಯ ಬಣ್ಣವನ್ನೂ ಕಪ್ಪಾಗಿಸಲು ತೀರ್ಮಾನಿಸಿತು. ಪರದೆಯ ಮೇಲಿನ ಬಹಳಷ್ಟು ಮಾತು ಕಡಿಮೆಯಾಯಿತು, ಬಿದ್ದ ಡ್ರೈವರಿನ ಹೆಸರಿಗೆ ಮಾತ್ರ ಜಾಗ ಉಳಿಯಿತು.